ಕೆಟ್ಟು ನಿಂತದ್ದಲ್ಲ, ನಿಂತು ಕೆಟ್ಟದ್ದು

ಆಗಸ್ಟ್ ರಜೆಗೆ ಊರಿಗೆ ಬರುವಾಗ ಮನೆಯಲ್ಲಿ ಹೇಳಲೇಬೇಕಾದ ಸುದ್ದಿಯೊಂದನ್ನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನಾಲ್ಕನೇ ಸೆಮಿಸ್ಟರ್‌ನಲ್ಲಿ ಒಂದು ಸಬ್ಜೆಕ್ಟ್ ಹೋಗಿತ್ತು. ಹೋಗಿದ್ದೂ ಯಾವುದು? ಥರ್ಮೊಡೈನಾಮಿಕ್ಸ್. ಮೆಕ್ಯಾನಿಕಲ್ ಓದುವವನಿಗೆ ಅದು ಹೋಗುವುದೆಂದರೆ ಅಡುಗೆ ಭಟ್ಟನಿಗೆ ಒಲೆ ಹಚ್ಚಲು ಬಾರದ ಹಾಗೆ.

ನಾನು ಬಾಯಿ ತೆಗೆಯುವ ಮೊದಲೇ ಅಪ್ಪ ತಮ್ಮ ಸುದ್ದಿ ಹೇಳಿದರು. ‘ಟ್ರ್ಯಾಕ್ಟರ್‌ನ ಗುಜರಿಯವನಿಗೆ ಮಾತಾಡಿದೀನಿ ಕಣೋ. ನಲವತ್ತೈದು ಸಾವಿರ ಅಂತಾನೆ. ನಿನ್ನ ಮುಂದಿನ ಫೀಸಿಗೆ ಆಯ್ತು.’

ನನ್ನ ಸುದ್ದಿ ಗಂಟಲಲ್ಲೇ ಉಳಿಯಿತು. ಫೇಲಾದ ಮಗನ ಫೀಸಿಗೆ ತಾತನ ಟ್ರ್ಯಾಕ್ಟರ್ ಹೋಗುತ್ತಿದೆ ಅಂದರೆ ಯಾವ ಮುಖದಲ್ಲಿ ಹೇಳಲಿ?

ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಒಂದಿಷ್ಟು ತೆಂಗು, ನಾಲ್ಕು ಎಕರೆ ರಾಗಿ ಹೊಲ. ಹಿತ್ತಲ ಹುಣಸೆಮರದ ಕೆಳಗೆ ಏಳು ವರ್ಷದಿಂದ ನಿಂತಿದ್ದುದು ಎಚ್‌ಎಂಟಿ 3511. ಮೂರು ಸಿಲಿಂಡರ್, 35 ಅಶ್ವಶಕ್ತಿ. ನಮ್ಮ ಕಡೆಯ ಹಳಬರು ಇದನ್ನು ಎಚ್‌ಎಂಟಿ ಅನ್ನುವುದೇ ಇಲ್ಲ, ‘ಜೀಟರ್’ ಅನ್ನುತ್ತಾರೆ. ಅದಕ್ಕೆ ಕಾರಣವಿದೆ. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣ ತಯಾರಿಸಲು ಹುಟ್ಟಿದ ಎಚ್‌ಎಂಟಿ, ಮುಂದೆ ಕೈಗಡಿಯಾರ ಮಾಡಿತು. 1971ರಲ್ಲಿ ಟ್ರ್ಯಾಕ್ಟರ್‌ಗೂ ಕೈಹಾಕಿತು. ಕಾರ್ಖಾನೆ ಹರಿಯಾಣದ ಪಿಂಜೋರ್‌ನಲ್ಲಿ, ತಂತ್ರಜ್ಞಾನ ಆಗಿನ ಚೆಕೊಸ್ಲೊವಾಕಿಯಾದ ಜೀಟರ್‌ನದು. 2016ರಲ್ಲಿ ಕೇಂದ್ರ ಸರ್ಕಾರ ಗಡಿಯಾರದ ಕಂಪನಿಯನ್ನೂ ಟ್ರ್ಯಾಕ್ಟರ್ ವಿಭಾಗವನ್ನೂ ಮುಚ್ಚುವ ತೀರ್ಮಾನ ಮಾಡಿತು. ತಾತನ ಕೈಯಲ್ಲಿ ಇವತ್ತಿಗೂ ಎಚ್‌ಎಂಟಿ ವಾಚಿದೆ. ದಿನಾ ಬೆಳಿಗ್ಗೆ ಅಮ್ಮ ಕೀ ಕೊಡುತ್ತಾರೆ, ಓಡುತ್ತದೆ.

ಅಮ್ಮ ಕೀ ಕೊಡಬೇಕು, ಯಾಕೆಂದರೆ ತಾತನ ಬಲಗೈ ಏಳುವುದಿಲ್ಲ. ನಾನು ಆರನೇ ಕ್ಲಾಸು ಮುಗಿಸಿ ಏಳಕ್ಕೆ ಬಂದಿದ್ದ ವರ್ಷ ಒಂದು ಸಂಜೆ ಉತ್ತು ಬಂದ ತಾತ ಟ್ರ್ಯಾಕ್ಟರ್ ನಿಲ್ಲಿಸಿದರು, ಎಂಜಿನ್ ಆಫ್ ಮಾಡಿದರು, ಆದರೆ ಸೀಟಿನಿಂದ ಇಳಿಯಲಿಲ್ಲ. ಲಕ್ವ ಹೊಡೆದಿತ್ತು. ಮಾತೂ ತೊದಲಿತು. ಆಸ್ಪತ್ರೆ, ಸಾಲ, ಎಣ್ಣೆ ನೀವುವವರು ಅಂತ ಒಂದು ವರ್ಷ ಕಳೆಯಿತು. ಅವತ್ತು ತಾತನನ್ನು ಸೀಟಿನಿಂದ ಎತ್ತಿ ಇಳಿಸಿದ ಅಪ್ಪ ಮತ್ತೆ ಆ ಸೀಟಿನ ಮೇಲೆ ಕೂತಿಲ್ಲ. ಯಾಕೆ ಅಂತ ನಾವು ಕೇಳಿಲ್ಲ, ಅವರು ಹೇಳಿಲ್ಲ. ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್, ಗಂಟೆಗೆ ಸಾವಿರ ರೂಪಾಯಿ. ಮಳೆ ಬಿದ್ದು ಹದ ಬಂದಾಗ ಊರಿಗೆಲ್ಲ ಒಟ್ಟಿಗೇ ಬೇಕು, ನಮ್ಮ ಪಾಳಿ ಬರುವಷ್ಟರಲ್ಲಿ ಹದ ಆರಿರುತ್ತಿತ್ತು.

‘ಹದಿನೈದು ದಿನ ಟೈಮ್ ಕೊಡಿ ಅಪ್ಪ. ನಾನು ಸ್ಟಾರ್ಟ್ ಮಾಡ್ತೀನಿ’ ಅಂದುಬಿಟ್ಟೆ. ಅಪ್ಪ ಒಂದು ಕ್ಷಣ ನನ್ನನ್ನೇ ನೋಡಿ, ‘ಕಾಲೇಜಲ್ಲಿ ಅದನ್ನೇ ತಾನೆ ಕಲಿಸೋದು’ ಅಂದರು. ಆ ಮಾತು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು.

ಟಕ್ ಅಂದಿದ್ದಷ್ಟೇ

ಮರುದಿನವೇ ಗೆಳೆಯನ ಟ್ರ್ಯಾಕ್ಟರ್‌ನ ಬ್ಯಾಟರಿ ಬಿಚ್ಚಿ ತಂದೆ. ಹಳೇ ಡೀಸೆಲ್ ಮೇಲೆಯೇ ಐದು ಲೀಟರ್ ಹೊಸದು ಸುರಿದೆ. ಸೆಲ್ಫ್ ಹೊಡೆದೆ. ‘ಟಕ್’ ಅಂತ ಒಂದು ಸದ್ದು. ಇನ್ನೊಮ್ಮೆ ಹೊಡೆದೆ. ಮತ್ತೆ ‘ಟಕ್’. ಫ್ಯಾನಿನ ರೆಕ್ಕೆ ಅಲ್ಲಾಡಲಿಲ್ಲ.

ಸುತ್ತ ಸೇರಿದ್ದ ಐದಾರು ಜನರಲ್ಲಿ ಪ್ರತಿಯೊಬ್ಬರೂ ಇಂಜಿನಿಯರ್‌ಗಳೇ. ‘ಮೂರನೇ ಗೇರಿಗೆ ಹಾಕಿ ಪಿಕಪ್‌ಗೆ ಹಗ್ಗ ಕಟ್ಟಿ ಎಳುದ್ರೆ ಎದ್ದೇಳ್ತದೆ’ ಅಂತ ತೀರ್ಮಾನವಾಯಿತು. ಹಗ್ಗವೂ ಬಂತು. ಅಷ್ಟರಲ್ಲಿ ಜಗಲಿಯ ಮೇಲೆ ಕೂತಿದ್ದ ತಾತ ಊರುಗೋಲಿನಿಂದ ನೆಲ ಕುಟ್ಟುತ್ತಾ ‘ಬ್ಯಾ... ಬ್ಯಾ...’ ಅನ್ನತೊಡಗಿದರು. ಖುಷಿಗೆ ಕೂಗುತ್ತಿದ್ದಾರೆ ಅಂದುಕೊಂಡೆವು. ಅಮ್ಮ ಒಳಗಿಂದ ಓಡಿಬಂದರು. ‘ಬ್ಯಾಡ ಅಂತಿದಾರೆ ಕಣ್ರೋ, ನಿಲ್ಸಿ!’

ತಾತ ತಮ್ಮ ಎಡಗೈಯನ್ನು ಊರಿನ ಬಸ್‌ಸ್ಟ್ಯಾಂಡ್ ಕಡೆ ಚಾಚಿದರು. ಅಲ್ಲಿ ಮೇಸ್ತ್ರಿಯ ಶೆಡ್ಡಿದೆ.

ಮೇಸ್ತ್ರಿಗೆ ಅರವತ್ತು ದಾಟಿದೆ. ಓದಿದ್ದು ಏಳನೇ ಕ್ಲಾಸು. ಡೀಸೆಲ್ ಪಂಪ್‌ಸೆಟ್ಟುಗಳ ಕಾಲದಿಂದ ಸ್ಪ್ಯಾನರ್ ಹಿಡಿದವರು. ಈಗ ಶೆಡ್ಡಿನಲ್ಲಿ ಕೆಲಸ ಕಡಿಮೆ; ಹೊಸ ಟ್ರ್ಯಾಕ್ಟರ್‌ಗಳೆಲ್ಲ ಶೋರೂಮಿನ ಸರ್ವೀಸಿಗೆ ಹೋಗುತ್ತವೆ. ನಾನು ಹೋಗಿ ಎಲ್ಲ ವಿವರಿಸಿದೆ. ಅವರು ಬೀಡಿ ಹಚ್ಚಿಕೊಂಡು ಒಂದೇ ಪ್ರಶ್ನೆ ಕೇಳಿದರು.

‘ಕೆಟ್ಟು ನಿಂತಿದ್ದಾ, ನಿಂತು ಕೆಟ್ಟಿದ್ದಾ?’

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಓಡುತ್ತಾ ಓಡುತ್ತಾ ಸದ್ದು ಮಾಡಿ, ಹೊಗೆಯಾಡಿ ನಿಂತ ಗಾಡಿಯಾದರೆ ಅದಕ್ಕೆ ಒಳಗೆ ರೋಗವಿದೆ. ಬಿಚ್ಚಲೇಬೇಕು, ದುಡ್ಡು ಸುರಿಯಲೇಬೇಕು. ಚೆನ್ನಾಗಿ ಓಡುತ್ತಿದ್ದುದನ್ನು ಯಾವುದೋ ಕಾರಣಕ್ಕೆ ನಿಲ್ಲಿಸಿದ್ದಾದರೆ ರೋಗವಿಲ್ಲ. ನಿಂತಿದ್ದರಿಂದ ಬಂದ ಕೊಳೆ, ತುಕ್ಕು, ಅಂಟು ಅಷ್ಟೆ. ‘ಅದನ್ನ ಬಿಡಿಸಬೋದು. ಆದ್ರೆ ಆತುರ ಬಿದ್ರೆ ನಿಂತು ಕೆಟ್ಟಿದ್ದನ್ನ ನೀನೇ ಮುರಿದು ಕೆಡಿಸ್ತೀಯ.’

ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲ ಎಂಜಿನ್‌ಗಳೂ ಓಡುತ್ತಲೇ ಇರುತ್ತವೆ. 1500 ಆರ್‌ಪಿಎಂನಲ್ಲಿ ಓಡುತ್ತಿರುವ ಎಂಜಿನ್‌ನ ದಕ್ಷತೆ ಕಂಡುಹಿಡಿಯಿರಿ ಅಂತಲೇ ಪ್ರಶ್ನೆ ಶುರುವಾಗುತ್ತದೆ. ನಿಂತ ಎಂಜಿನ್‌ನ ಮುಂದೆ ಏನು ಕೇಳಬೇಕು ಅಂತ ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಸಿಲಿಂಡರಿನಲ್ಲಿ ಮಳೆನೀರು

ಮೇಸ್ತ್ರಿ ಬಂದವರೇ ಮೊದಲು ಹಗ್ಗ ಬಿಚ್ಚಿಸಿದರು. ಮುಟ್ಟಿದ್ದು ಗಾಳಿಯ ದಾರಿಯನ್ನು. ಏರ್ ಕ್ಲೀನರ್‌ನ ತಳದ ಬಟ್ಟಲಿನಲ್ಲಿ ಎಣ್ಣೆ ಇರಬೇಕಿತ್ತು. ಇದ್ದದ್ದು ಇಲಿಯ ಗೂಡು, ಹುಣಸೆ ಎಲೆ, ನನ್ನ ಹಳೇ ಯೂನಿಫಾರ್ಮ್‌ನದೇ ಇರಬೇಕು ಅನಿಸುವ ನೀಲಿ ಬಟ್ಟೆ ಚೂರು. ಪೈಪಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಎಂಜಿನ್ ಎದ್ದಿದ್ದರೆ ಆ ಮಣ್ಣೆಲ್ಲ ನೇರವಾಗಿ ಪಿಸ್ಟನ್ ತಲೆಯ ಮೇಲೆ.

ಆಮೇಲೆ ಸೈಲೆನ್ಸರ್. ನಮ್ಮ ಜೀಟರ್‌ನ ಸೈಲೆನ್ಸರ್ ಬಾಯಿ ಆಕಾಶಕ್ಕೆ ತೆರೆದಿದೆ. ಓಡುತ್ತಿದ್ದ ಕಾಲದಲ್ಲಿ ತಾತ ಅದಕ್ಕೊಂದು ತಗಡಿನ ಡಬ್ಬ ಕವುಚುತ್ತಿದ್ದರು. ಆ ಡಬ್ಬ ಯಾವಾಗಲೋ ಗಾಳಿಗೆ ಹಾರಿತ್ತು. ಮೇಸ್ತ್ರಿ ಮುಖ ಗಂಟಿಕ್ಕಿಕೊಂಡು ‘ಮೊದಲು ಮೂರೂ ಇಂಜೆಕ್ಟರ್ ಬಿಚ್ಚು’ ಅಂದರು.

ಬಿಚ್ಚಿದೆವು. ಮೂರನೇ ಸಿಲಿಂಡರಿನ ತೂತಿಗೆ ತೆಳ್ಳನೆಯ ಕಡ್ಡಿಗೆ ಬಟ್ಟೆ ಸುತ್ತಿ ಇಳಿಸಿ ತೆಗೆದರೆ ಬಟ್ಟೆ ಕೆಂಪಗೆ ತೊಯ್ದಿತ್ತು. ತುಕ್ಕುನೀರು. ಜುಲೈ ಮಳೆ ಸೈಲೆನ್ಸರ್‌ನಿಂದ ಇಳಿದು, ಎಂಜಿನ್ ನಿಲ್ಲುವಾಗ ತೆರೆದುಕೊಂಡೇ ಉಳಿದಿದ್ದ ಎಕ್ಸಾಸ್ಟ್ ವಾಲ್ವ್ ದಾಟಿ ಒಳಗೆ ಕೂತಿತ್ತು.

ನನಗೆ ಬೆವರಿಳಿಯಿತು. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಇದು ಪಿಯುಸಿ ಹುಡುಗನಿಗೂ ಗೊತ್ತು. ಪಿಕಪ್ ಎಳೆದು ಆ ಪಿಸ್ಟನ್ ಮೇಲೇರಿದ್ದರೆ, ಹೋಗಲು ದಾರಿಯಿಲ್ಲದ ನೀರು ಕನೆಕ್ಟಿಂಗ್ ರಾಡನ್ನೇ ಬಗ್ಗಿಸಬಹುದಿತ್ತು. ಅದರ ಜೊತೆಗೆ ತುಕ್ಕು ಹಿಡಿದ ರಿಂಗುಗಳು ಮುರಿಯುತ್ತಿದ್ದವು. ನಲವತ್ತೈದು ಸಾವಿರದ ಗುಜರಿಗೂ ಆಮೇಲೆ ಬೆಲೆ ಇಳಿಯುತ್ತಿತ್ತು. ತಾತ ‘ಬ್ಯಾ’ ಅಂದಿದ್ದು ಇದಕ್ಕೆ.

ನೀರನ್ನು ಹೀರಿ ತೆಗೆದು, ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಮೂರೂ ಸಿಲಿಂಡರ್‌ಗೆ ಸುರಿದೆವು. ‘ಇನ್ನು ಮೂರು ದಿನ ಇದನ್ನ ಮುಟ್ಟಬ್ಯಾಡ’ ಅಂದರು ಮೇಸ್ತ್ರಿ. ಮೂರು ದಿನ! ನನ್ನ ಹದಿನೈದರಲ್ಲಿ ಮೂರು.

ನಾಲ್ಕನೇ ದಿನ ಕ್ರ್ಯಾಂಕ್ ಪುಲ್ಲಿಯ ನಟ್‌ಗೆ ದೊಡ್ಡ ಸಾಕೆಟ್ ಕೂರಿಸಿ, ಅದರ ಹಿಡಿಗೆ ಮೂರಡಿ ಕಬ್ಬಿಣದ ಪೈಪ್ ಸಿಕ್ಕಿಸಿದೆವು. ನಾನು ಜೋತುಬೀಳಲು ಹೋದೆ. ಮೇಸ್ತ್ರಿ ಕೈ ಹಿಡಿದರು. ‘ಜಗಳ ಆಡಬ್ಯಾಡ. ಮುಂದಕ್ಕೆ ಒಂಚೂರು, ಹಿಂದಕ್ಕೆ ಒಂಚೂರು.’ ಮೊದಲು ಏನೂ ಆಗಲಿಲ್ಲ. ಅರ್ಧ ಗಂಟೆಯ ನಂತರ ಬೆರಳಗಲ ಜರುಗಿತು. ಮತ್ತೆ ಹಿಂದೆ, ಮತ್ತೆ ಮುಂದೆ. ಸಂಜೆಗೆ ಪುಲ್ಲಿ ಪೂರ್ತಿ ಒಂದು ಸುತ್ತು ತಿರುಗಿತು. ಇಂಜೆಕ್ಟರ್ ತೂತುಗಳಿಂದ ಕಂದು ಎಣ್ಣೆ ಚಿಮ್ಮಿ ನನ್ನ ಮುಖಕ್ಕೆ ಬಿತ್ತು. ಆ ವರ್ಷದಲ್ಲಿ ನನಗೆ ಸಿಕ್ಕ ಮೊದಲ ಪಾಸ್‌ಮಾರ್ಕು ಅದು.

ಟ್ಯಾಂಕಿನ ತಳದ ಲೋಳೆ

ಸಿಲಿಂಡರ್ ನೆನೆಯುತ್ತಿದ್ದ ಆ ಮೂರು ದಿನ ನಾವು ಸುಮ್ಮನಿರಲಿಲ್ಲ. ಆಯಿಲ್ ಚೇಂಬರಿನ ಡ್ರೈನ್ ಬೋಲ್ಟ್ ಸಡಿಲಿಸಿದಾಗ ಮೊದಲು ಬಂದಿದ್ದು ಅರ್ಧ ಚೊಂಬು ನೀರು, ಆಮೇಲೆ ಕಪ್ಪು ಎಣ್ಣೆ. ನೀರು ಎಣ್ಣೆಗಿಂತ ಭಾರ, ತಳ ಸೇರಿರುತ್ತದೆ. ಆ ನೀರು ಮೇಲಿಂದ ಬಂದ ಮಳೆಯದೋ, ರೇಡಿಯೇಟರ್ ಕಡೆಯಿಂದ ಸೋರಿದ್ದೋ ತಿಳಿಯಬೇಕಲ್ಲ? ರೇಡಿಯೇಟರ್ ತೊಳೆದು, ಬಿರಿದಿದ್ದ ಹೋಸ್ ಪೈಪುಗಳನ್ನು ಬದಲಿಸಿ, ನೀರು ತುಂಬಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಡ್ರೈನ್ ಬೋಲ್ಟ್ ಮತ್ತೆ ಸಡಿಲಿಸಿದರೆ ಒಂದು ತೊಟ್ಟೂ ನೀರಿಲ್ಲ. ಮಳೆಯದೇ. ಗ್ಯಾಸ್ಕೆಟ್ ಖರ್ಚು ಉಳಿಯಿತು.

ಡೀಸೆಲ್ ಟ್ಯಾಂಕಿನ ಕಥೆ ಇನ್ನೂ ಕೆಟ್ಟದು. ನಾನು ಸುರಿದ ಹೊಸ ಐದು ಲೀಟರ್ ಸಮೇತ ಎಲ್ಲವೂ ಹೊರಗೆ. ತಳದಲ್ಲಿ ಕಪ್ಪು ಲೋಳೆ. ಡೀಸೆಲ್ ಕೊಳೆಯುತ್ತದಾ ಅಂತ ನಾನು ನಕ್ಕಿದ್ದೆ. ಹೌದು, ಒಂದರ್ಥದಲ್ಲಿ ಕೊಳೆಯುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿಯ ತೇವ ಹನಿಗಟ್ಟಿ ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆಯುತ್ತವೆ. ಆ ಲೋಳೆ ಫಿಲ್ಟರ್ ಕಟ್ಟಿಸುತ್ತದೆ.

ಫಿಲ್ಟರ್ ದಾಟಿದರೆ ಮುಂದಿರುವುದು ಪಂಪ್. ಅದರ ಮೇಲಿನ ಫಲಕ ಉಜ್ಜಿದಾಗ ‘ಮೈಕೋ’ ಎಂಬ ಅಕ್ಷರ ಕಂಡವು. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 2008ರಿಂದ ಅದರ ಹೆಸರು ಬಾಷ್. ನಮ್ಮೂರಲ್ಲಿ ಮಾತ್ರ ಅದು ಎಂದೆಂದಿಗೂ ಮೈಕೋ ಪಂಪೇ. ಪಂಪಿನೊಳಗಿನ ಪ್ಲಂಜರ್ ಮತ್ತು ಬ್ಯಾರಲ್‌ಗಳ ನಡುವಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ ಅದರ ಹತ್ತಾರು ಪಟ್ಟು. ಅಂಥ ಸಂದಿಗೆ ಒಂದು ಚೂರು ತುಕ್ಕು ಸೇರಿದರೂ ಸಾಕು. ‘ಡೀಸೆಲ್‌ನ ತಾಯಿ ಮಗುವಿಗೆ ಹಾಲು ಸೋಸಿದಂಗೆ ಸೋಸಬೇಕು’ ಅಂತ ಮೇಸ್ತ್ರಿ ಯಾವಾಗಲೂ ಹೇಳುವ ಮಾತು.

ಪಂಪಿನ ಪಕ್ಕದ ಮುಚ್ಚಳ ತೆಗೆದು ನೋಡಿದಾಗ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಹಲ್ಲಿನ ಸರಳು ಅಂಟಿಕೊಂಡಿತ್ತು. ಮೇಸ್ತ್ರಿ ಅದಕ್ಕೆ ಎಣ್ಣೆ ಬಿಡುತ್ತಾ, ಒಂದಿಡೀ ಮಧ್ಯಾಹ್ನ ಬೆರಳಲ್ಲೇ ಆಡಿಸಿ ಬಿಡಿಸಿದರು. ಸುತ್ತಿಗೆ ಕೇಳಿದ್ದಕ್ಕೆ ನನಗೆ ಬೈಗುಳ ಸಿಕ್ಕಿತು. ಇಂಜೆಕ್ಟರ್‌ಗಳನ್ನು ತಿಪಟೂರಿನ ಪಂಪ್ ಅಂಗಡಿಗೆ ಒಯ್ದೆ. ಅಲ್ಲಿ ಕೈಪಂಪಿನ ಟೆಸ್ಟರ್‌ಗೆ ಜೋಡಿಸಿ ಒತ್ತಿದಾಗ ಒಂದು ನಾಝಲ್ ಮಂಜಿನಂತೆ ಸಿಂಪಡಿಸಿತು, ಉಳಿದೆರಡು ಮಗುವಿನ ಜೊಲ್ಲಿನಂತೆ ತೊಟ್ಟಿಕ್ಕಿದವು. ವಾತಾವರಣದ ಒತ್ತಡದ ಇನ್ನೂರು ಪಟ್ಟಿನ ಆಸುಪಾಸಿನಲ್ಲಿ ಚಿಮ್ಮುವ ಡೀಸೆಲ್ ಅದು. ಹತ್ತಿರ ಕೈ ಒಡ್ಡಿದರೆ ಚರ್ಮ ತೂರಿ ಒಳಗೆ ಹೋಗುತ್ತದೆ ಅಂತ ಅಂಗಡಿಯವರು ನನ್ನನ್ನು ಹಿಂದಕ್ಕೆ ಸರಿಸಿದರು. ಎರಡು ಹೊಸ ನಾಝಲ್ ಹಾಕಿಸಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಕಂಪ್ರೆಷನ್ ಅನುಪಾತ 17 ಅಂತ ಹಿಡಿದರೆ, 30 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಹಿಂಡಿಸಿಕೊಂಡಾಗ ಆದರ್ಶ ಸಮೀಕರಣದ ಪ್ರಕಾರ ಉಷ್ಣಾಂಶ 650 ಡಿಗ್ರಿ ದಾಟುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಅದರ ಅರ್ಧವೂ ಬೇಕಿಲ್ಲ. ಆದರೆ ರಿಂಗು ಸವೆದು ಗಾಳಿ ಸೋರಿದರೆ, ಎಂಜಿನ್ ತಣ್ಣಗಿದ್ದು ಗೋಡೆಗಳೇ ಬಿಸಿ ಕುಡಿದರೆ, ಸೆಲ್ಫ್ ನಿಧಾನ ತಿರುಗಿದರೆ ಆ 650 ಎಲ್ಲಿಗೋ ಇಳಿಯುತ್ತದೆ. ಬ್ಯಾಟರಿ ಫುಲ್ ಚಾರ್ಜ್ ಆಗಿರಬೇಕು ಅಂತ ಮೇಸ್ತ್ರಿ ಹಟ ಹಿಡಿದಿದ್ದು ಇದಕ್ಕೆ. ನಾನು ಪರೀಕ್ಷೆಯಲ್ಲಿ ತಪ್ಪಾಗಿ ಬರೆದಿದ್ದ ಅದೇ ಸೂತ್ರ. ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಸರಿಯಾಗಿ ಬಂತು.

ಹಲಗೆ ಹಿಡಿದು ನಿಲ್ಲುವ ಕೆಲಸ

ಹನ್ನೊಂದನೇ ದಿನ ಎಲ್ಲ ಜೋಡಿಸಿದ್ದಾಯಿತು. ಹೊಸ ಆಯಿಲ್, ಹೊಸ ಫಿಲ್ಟರ್, ಸೋಸಿದ ಡೀಸೆಲ್. ಇನ್ನು ಪೈಪುಗಳಲ್ಲಿದ್ದ ಗಾಳಿ ತೆಗೆಯಬೇಕು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತುತ್ತಾ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಶುದ್ಧ ಡೀಸೆಲ್. ಹಾಗೇ ಪಂಪಿನ ಹತ್ತಿರ. ಕೊನೆಗೆ ಇಂಜೆಕ್ಟರ್ ಪೈಪುಗಳ ನಟ್ ಸಡಿಲಿಸಿ ಸೆಲ್ಫ್ ಹೊಡೆದು ಅಲ್ಲೂ ಗಾಳಿ ಬಿಡಬೇಕು. ಪಂಪ್‌ಸೆಟ್ ಇಟ್ಟವರಿಗೆಲ್ಲ ‘ಏರ್ ಹಿಡಿದೈತೆ’ ಅನ್ನುವ ಮಾತು ಗೊತ್ತು. ಹಿಂಡಿದರೆ ಕುಗ್ಗುವ ಗಾಳಿ ಪೈಪಿನಲ್ಲಿದ್ದರೆ ಪಂಪಿನ ಒತ್ತಡವೆಲ್ಲ ಅದನ್ನು ಕುಗ್ಗಿಸುವುದಕ್ಕೇ ಮುಗಿಯುತ್ತದೆ, ನಾಝಲ್ ತೆರೆಯುವುದೇ ಇಲ್ಲ.

ಸ್ಟಾರ್ಟ್ ಮಾಡುವ ಮುಂಚೆ ಮೇಸ್ತ್ರಿ ನನ್ನ ಕೈಗೊಂದು ಹಲಗೆ ಕೊಟ್ಟರು. ಏರ್ ಕ್ಲೀನರ್ ಪೈಪ್ ಬಿಚ್ಚಿಟ್ಟಿದ್ದರು. ‘ನೀನು ಇಲ್ಲಿ ನಿಂತ್ಕೊ. ನಾನು ಕೂಗಿದ ತಕ್ಷಣ ಆ ಬಾಯಿ ಮುಚ್ಚು. ಹಲಗೆಯಿಂದ ಮಾತ್ರ, ಕೈಯಿಂದ ಅಲ್ಲ.’ ಏಳು ವರ್ಷ ಅಂಟಿದ್ದ ಪಂಪು ನಡುವೆ ಮತ್ತೆ ಅಂಟಿಕೊಂಡು ಡೀಸೆಲ್ ಪೂರ್ತಿ ಬಿಟ್ಟುಬಿಟ್ಟರೆ ಎಂಜಿನ್ ಕೈಮೀರಿ ಓಡುತ್ತದೆ. ಕೀ ತೆಗೆದರೆ ನಿಲ್ಲದು. ಡೀಸೆಲ್ ಎಂಜಿನ್‌ಗೆ ಕಿಡಿಯೇ ಬೇಡವಲ್ಲ! ಆಗ ಉಳಿಯುವ ಒಂದೇ ದಾರಿ, ಗಾಳಿಯನ್ನು ಕಟ್ಟುವುದು.

‘ಸೀಟಿನ ಮೇಲೆ ಯಾರು?’ ಅಂದರು ಮೇಸ್ತ್ರಿ. ಯಾರೂ ಮಾತಾಡಲಿಲ್ಲ. ಅಪ್ಪ ದೂರದಲ್ಲಿ ತೆಂಗಿನ ಮರಕ್ಕೊರಗಿ ನಿಂತಿದ್ದರು. ಜಗಲಿಯ ಮೇಲಿನ ತಾತನ ಕಡೆ ಒಮ್ಮೆ ನೋಡಿದರು. ತಾತ ಏನೂ ಸನ್ನೆ ಮಾಡಲಿಲ್ಲ, ಅವರನ್ನೇ ನೋಡುತ್ತಿದ್ದರು. ಅಪ್ಪ ಚಪ್ಪಲಿ ಬಿಟ್ಟು ಹತ್ತಿ ಕೂತರು.

ಮೊದಲು ಸ್ಟಾಪ್ ಎಳೆದು ಹಿಡಿದೇ ಸೆಲ್ಫ್. ಹತ್ತು ಸೆಕೆಂಡ್ ತಿರುಗಿಸಿ, ಬಿಟ್ಟು, ಮತ್ತೆ ತಿರುಗಿಸಿ ಆಯಿಲ್ ಗೇಜಿನ ಮುಳ್ಳು ಎದ್ದ ಮೇಲೇ ‘ಈಗ ಬಿಡಿ’ ಅಂದರು ಮೇಸ್ತ್ರಿ. ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಂತು. ಉರಿಯದ ಡೀಸೆಲ್ ಅದು, ಒಳ್ಳೆಯ ಲಕ್ಷಣ. ಒಂದು ‘ಢಬ್’. ನಿಂತಿತು. ಮತ್ತೆ ಸೆಲ್ಫ್. ‘ಢಬ್... ಢಬ್ ಢಬ್...’ ಸೈಲೆನ್ಸರ್‌ನಿಂದ ತುಕ್ಕಿನ ಪುಡಿ, ಹುಣಸೆ ಎಲೆಗಳು ಹಾರಿದವು. ಎದ್ದಿತು!

ಹಿತ್ತಲಿನ ಕೋಳಿಗಳೆಲ್ಲ ದಿಕ್ಕಾಪಾಲಾದವು. ಹುಡುಗರು ಕೇಕೆ ಹಾಕಿದರು. ನಾನು ಹಲಗೆ ಹಿಡಿದುಕೊಂಡೇ ಕುಣಿಯುತ್ತಿದ್ದೆ.

ಎರಡು ಬೆರಳು

ಆಗ ಅಮ್ಮ ನನ್ನ ಭುಜ ತಟ್ಟಿ ಜಗಲಿ ತೋರಿಸಿದರು. ತಾತ ಎಡಗೈ ಎತ್ತಿದ್ದರು. ಎರಡು ಬೆರಳು. ಗೆಲುವಿನ ಸನ್ನೆ ಅಂದುಕೊಂಡು ನಾನೂ ಎರಡು ಬೆರಳೆತ್ತಿದೆ. ತಾತ ಸಿಟ್ಟಿನಿಂದ ತಲೆ ಅಲ್ಲಾಡಿಸಿ ಮತ್ತೆ ಎರಡು ಬೆರಳು ತೋರಿಸಿದರು.

ಮೇಸ್ತ್ರಿ ನಕ್ಕುಬಿಟ್ಟರು. ‘ನಿಮ್ಮ ತಾತಂಗೆ ಕಿವಿ ಇನ್ನೂ ಚೆನ್ನಾಗೈತೆ. ಎರಡೇ ಹೊಡೀತಾ ಐತೆ, ಮೂರನೇದು ಸತ್ತೈತೆ.’

ಕಿವಿಗೊಟ್ಟು ಕೇಳಿದೆ. ಹೌದು. ತಾಳ ತಪ್ಪಿದ ತಮಟೆಯ ಹಾಗೆ ಕುಂಟುತ್ತಿತ್ತು. ಮೂರನೇ ಸಿಲಿಂಡರ್, ಮಳೆನೀರು ನಿಂತಿದ್ದ ಅದೇ ಸಿಲಿಂಡರ್. ನನ್ನ ಎದೆ ಕುಸಿಯಿತು. ತುಕ್ಕು ತಿಂದಿದೆ, ಕಂಪ್ರೆಷನ್ ಇಲ್ಲ, ಮತ್ತೆ ಎಂಜಿನ್ ಬಿಚ್ಚಬೇಕು, ಅದಕ್ಕೆ ದುಡ್ಡೆಲ್ಲಿದೆ ಅಂತ ಒಂದೇ ಉಸಿರಿಗೆ ಲೆಕ್ಕ ಹಾಕಿದೆ.

ಮೇಸ್ತ್ರಿ ಅಷ್ಟು ದೂರ ಹೋಗಲಿಲ್ಲ. ಎಂಜಿನ್ ಓಡುತ್ತಿದ್ದಂತೆಯೇ ಮೊದಲ ಇಂಜೆಕ್ಟರ್‌ನ ಪೈಪಿನ ನಟ್‌ಗೆ ಬಟ್ಟೆ ಹೊದಿಸಿ ಒಂಚೂರು ಸಡಿಲಿಸಿದರು. ಸದ್ದು ಇನ್ನಷ್ಟು ಕುಂಟಿತು. ಬಿಗಿದರು. ಎರಡನೆಯದು, ಹಾಗೇ ಆಯಿತು. ಮೂರನೆಯದು ಸಡಿಲಿಸಿದರೆ ಸದ್ದಿನಲ್ಲಿ ವ್ಯತ್ಯಾಸವೇ ಇಲ್ಲ. ಯಾವುದನ್ನು ನಿಲ್ಲಿಸಿದರೂ ವ್ಯತ್ಯಾಸ ಆಗುವುದಿಲ್ಲವೋ ಅದೇ ಕೆಲಸ ಮಾಡದಿರುವುದು. ಇಷ್ಟು ಸರಳ ಪರೀಕ್ಷೆ. ಆ ನಟ್‌ನ ಸಂದಿಯಿಂದ ನೊರೆ ನೊರೆ ಡೀಸೆಲ್ ಬರುತ್ತಿತ್ತು.

‘ಇದರ ಏರ್ ಯಾರು ತೆಗ್ದಿದ್ದು?’ ಅಂದರು. ನಾನೇ. ಅಂದರೆ, ತೆಗೆದಿರಲಿಲ್ಲ. ಮೊದಲೆರಡು ಪೈಪಿನಲ್ಲಿ ಡೀಸೆಲ್ ಕಂಡ ಖುಷಿಗೆ ಮೂರನೆಯದನ್ನು ಸಡಿಲಿಸುವುದನ್ನೇ ಮರೆತಿದ್ದೆ. ಗುಳ್ಳೆ ಪೂರ್ತಿ ಹೋಗುವವರೆಗೆ ಕಾದು ಮೇಸ್ತ್ರಿ ನಟ್ ಬಿಗಿದರು. ಎಂಜಿನ್ ಒಮ್ಮೆ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಆಮೇಲೆ ಸಮವಾಯಿತು. ಜಗಲಿಯ ಮೇಲೆ ತಾತ ಕೈ ಕೆಳಗಿಳಿಸಿದರು.

ಅಪ್ಪ ಎಂಜಿನ್ ಆಫ್ ಮಾಡಲು ಮನಸ್ಸಿಲ್ಲದವರಂತೆ ಹತ್ತು ನಿಮಿಷ ಹಾಗೇ ಕೂತಿದ್ದರು.

ಇಲ್ಲಿಗೆ ಎಲ್ಲ ಸುಖಾಂತ್ಯವಾಯಿತು ಅಂತಲ್ಲ. ಕ್ಲಚ್ ಪ್ಲೇಟ್ ಅಂಟಿಕೊಂಡಿತ್ತು. ಪೆಡಲ್ ಒತ್ತಿ ಮರದ ತುಂಡು ಕೊಟ್ಟು ಎರಡು ರಾತ್ರಿ ಬಿಟ್ಟ ಮೇಲೆ ಬಿಡಿಸಿಕೊಂಡಿತು. ಹಿಂದಿನ ಟೈರ್‌ಗಳ ಪಕ್ಕೆ ಬಿರಿದಿದೆ. ಬೆಳಗಿನ ಹೊತ್ತು ನೀಲಿ ಹೊಗೆ ಬರುತ್ತದೆ, ಅಂದರೆ ಆಯಿಲ್ ಸುಡುತ್ತಿದೆ. ರಿಂಗ್ ಕೆಲಸ ಇವತ್ತಲ್ಲ ನಾಳೆ ಮಾಡಿಸಲೇಬೇಕು. ಆರ್‌ಸಿ ನವೀಕರಣ ಆಗಿಲ್ಲ, ಆದ್ದರಿಂದ ರಸ್ತೆಗೆ ಇಳಿಸುವಂತಿಲ್ಲ. ಒಟ್ಟು ಖರ್ಚು ಹನ್ನೊಂದು ಸಾವಿರದ ನಾನೂರು ರೂಪಾಯಿ. ಮೇಸ್ತ್ರಿಯ ಕೂಲಿ ಅದರಲ್ಲಿ ಸೇರಿಲ್ಲ, ಅವರು ತೆಗೆದುಕೊಳ್ಳಲೇ ಇಲ್ಲ. ‘ನಿಮ್ಮ ತಾತ ಒಂದು ಕಾಲದಾಗೆ ನನ್ನ ಹೊಲನೂ ಉತ್ತುಕೊಟ್ಟಿದ್ರು’ ಅಂದರು. ಹದಿನಾಲ್ಕನೇ ದಿನ ಹಿತ್ತಲಿಗೆ ಸೇರಿದಂತೇ ಇರುವ ಹೊಲವನ್ನು ಅಪ್ಪ ತಾವೇ ಉತ್ತರು. ಆ ಸಲ ಹದ ಆರುವ ಮೊದಲೇ ರಾಗಿ ಬಿತ್ತನೆಯಾಯಿತು.

ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಸುದ್ದಿ ಹೇಳಿದೆ. ಅಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಅಪ್ಪ ಮುದ್ದೆ ಮುರಿಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ.

‘ಕೆಟ್ಟು ನಿಂತಿದ್ದಾ, ನಿಂತು ಕೆಟ್ಟಿದ್ದಾ?’

ಯೋಚಿಸಿದೆ. ಎರಡನೇ ಮಾಡ್ಯೂಲ್ ನಡೆಯುವಾಗ ಒಂದು ವಾರ ಜ್ವರ ಬಂದು ಕ್ಲಾಸ್ ತಪ್ಪಿತ್ತು. ಮುಂದಿನದು ಅರ್ಥವಾಗಲಿಲ್ಲ. ಕೇಳಲು ನಾಚಿಕೆ. ಕೇಳದೆ ಬಿಟ್ಟೆ. ಬಿಟ್ಟಿದ್ದು ಬೆಳೆಯುತ್ತಾ ಹೋಯಿತು. ನನ್ನ ತಲೆ ಕೆಟ್ಟಿರಲಿಲ್ಲ. ನಾನು ನಿಂತಿದ್ದೆ, ಅಷ್ಟೆ.

‘ನಿಂತು ಕೆಟ್ಟಿದ್ದು’ ಅಂದೆ.

‘ಹಂಗಾದ್ರೆ ಬಿಡಿಸ್ಕೋ’ ಅಂದರು ಅಪ್ಪ. ಫೀಸಿಗೆ ಅಟ್ಟದ ಮೇಲಿದ್ದ ಕೊಬ್ಬರಿಯನ್ನು ಒಳ್ಳೆಯ ರೇಟಿಗೆ ಕಾಯದೆ ತಿಪಟೂರು ಮಾರುಕಟ್ಟೆಗೆ ಹಾಕಿದರು. ಎಷ್ಟು ನಷ್ಟವಾಯಿತು ಅಂತ ನನಗೆ ಹೇಳಲಿಲ್ಲ, ಆದರೆ ಆ ದಿನದ ರೇಟು ಪೇಪರಿನಲ್ಲಿತ್ತು.

ಈಗ ಹಾಸ್ಟೆಲ್ಲಿನಲ್ಲಿದ್ದೇನೆ. ಮುಂದಿನ ತಿಂಗಳು ಬ್ಯಾಕ್‌ಲಾಗ್ ಪರೀಕ್ಷೆ. ಮೊದಲ ಮಾಡ್ಯೂಲ್‌ನಿಂದ ಶುರುಮಾಡಿದ್ದೇನೆ. ಮುಂದಕ್ಕೆ ಒಂಚೂರು, ಹಿಂದಕ್ಕೆ ಒಂಚೂರು. ಕೆಲಸ ಹುಡುಕುತ್ತಾ ವರ್ಷಗಟ್ಟಲೆ ಮನೆಯಲ್ಲಿ ಕೂತ ಅಣ್ಣ, ಅಕ್ಕಂದಿರು ನಮ್ಮೂರಲ್ಲೂ ಇದ್ದಾರೆ. ಅವರಿಗೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಯಾರಾದರೂ ಅವರನ್ನು ಗುಜರಿ ಲೆಕ್ಕಕ್ಕೆ ತೂಗಲು ಬಂದರೆ, ಮೇಸ್ತ್ರಿಯ ಪ್ರಶ್ನೆಯನ್ನು ಮೊದಲು ಕೇಳಿ ಅನ್ನುತ್ತೇನೆ.

ಹಳೇ ಡೀಸೆಲ್ ಎಂಜಿನ್‌ಗೆ ಕೈಹಾಕುವ ಮುನ್ನ

* ಓಡುತ್ತಿದ್ದುದನ್ನು ನಿಲ್ಲಿಸಿದ್ದೋ, ಕೆಟ್ಟು ನಿಂತದ್ದೋ ಮನೆಯವರನ್ನು ಕೇಳಿ ತಿಳಿಯಿರಿ.
* ಸೆಲ್ಫ್ ಹೊಡೆಯುವುದು, ಎಳೆದು ಸ್ಟಾರ್ಟ್ ಮಾಡುವುದು ಕೊನೆಗೆ. ಮೊದಲು ಇಂಜೆಕ್ಟರ್ ಬಿಚ್ಚಿ, ಕೈಯಲ್ಲಿ ತಿರುಗಿಸಿ ನೋಡಿ.
* ಏರ್ ಕ್ಲೀನರ್, ಸೈಲೆನ್ಸರ್ ಒಳಗೆ ಗೂಡು, ನೀರು ಇದೆಯೇ ನೋಡಿ.
* ಹಳೇ ಆಯಿಲ್, ಹಳೇ ಡೀಸೆಲ್ ಎರಡನ್ನೂ ಪೂರ್ತಿ ತೆಗೆಯಿರಿ. ಟ್ಯಾಂಕ್ ತೊಳೆದು ಫಿಲ್ಟರ್ ಬದಲಿಸಿ.
* ಸ್ಟಾಪ್ ಎಳೆದರೆ ಪಂಪಿನ ಸರಳು ನಿಜಕ್ಕೂ ಸರಿಯುತ್ತದೆಯೇ ಖಚಿತಪಡಿಸಿಕೊಳ್ಳಿ. ಗಾಳಿಯ ಬಾಯಿ ಮುಚ್ಚಲು ಹಲಗೆ ಹಿಡಿದು ಒಬ್ಬರು ನಿಂತಿರಲಿ.
* ಗೇರ್ ನ್ಯೂಟ್ರಲ್‌ನಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಅಂಟಿದ ಕ್ಲಚ್ ಒತ್ತಿದರೂ ಬಿಡುವುದಿಲ್ಲ.
* ಪ್ರತಿ ಪೈಪಿನ ಗಾಳಿಯನ್ನೂ ತೆಗೆಯಿರಿ. ಮೂರಿದ್ದರೆ ಮೂರೂ.
* ಗೊತ್ತಿರುವ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಳ್ಳಿ.